ಮೇಯರ್‌ಗೆ ಕೇಳಿದ ಪ್ರಶ್ನೆ

ಒಬ್ಬ ಬೈಯುತ್ತಾನೆ, ಇನ್ನೊಬ್ಬ ಮುಖಕ್ಕೇ ಸಿಗರೇಟಿನ ಹೊಗೆ ಬಿಡುತ್ತಾನೆ. ಕುರ್ಚಿಯಲ್ಲಿ ಕೂತವರು ಕೈ ಎತ್ತುವಂತಿಲ್ಲ. ಇದೆಲ್ಲ ತಾಲೀಮು!

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳನ್ನು ಹೀಗೆ ಪಳಗಿಸಿದವರು ಜೇಮ್ಸ್ ಲಾಸನ್. ನಾಗಪುರದಲ್ಲಿದ್ದು ಗಾಂಧಿ ಮಾರ್ಗ ಅರಿತವರು. ಹೊಡೆತಕ್ಕೆ ಹೊಡೆತ ಬಿದ್ದರೆ ನೋಡುವವರ ಕಣ್ಣಿಗೆ ಇಬ್ಬರೂ ಒಂದೇ. ಒಬ್ಬನೇ ಹೊಡೆಯುತ್ತಿದ್ದರೆ ತಪ್ಪು ಯಾರದೆಂದು ಬಿಡಿಸಿ ಹೇಳಬೇಕಿಲ್ಲ. 1960ರ ಫೆಬ್ರುವರಿಯಲ್ಲಿ ಆ ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಊಟ ಕೊಡುತ್ತಿದ್ದ ಕೌಂಟರ್‌ಗಳಲ್ಲಿ ಹೋಗಿ ಕೂತರು. ಏಟು ತಿಂದರು, ಜೈಲಿಗೂ ಹೋದರು.

ಏಪ್ರಿಲ್ 19ರಂದು ಅವರ ವಕೀಲರ ಮನೆಗೆ ಬಾಂಬ್ ಬಿತ್ತು. ಅಂದೇ ಸಾವಿರಾರು ಜನ ಮೌನವಾಗಿ ಮೆರವಣಿಗೆ ಹೊರಟರು. ಮೇಯರ್ ಬೆನ್ ವೆಸ್ಟ್ ಎದುರಾದಾಗ ವಿದ್ಯಾರ್ಥಿ ನಾಯಕಿ ಡಯೇನ್ ನ್ಯಾಶ್ ಕೇಳಿದ್ದು ಇಷ್ಟೇ: ಬಣ್ಣ ನೋಡಿ ಭೇದ ಮಾಡುವುದು ತಪ್ಪಲ್ಲವೇ? ಆರೋಪ ಹೊರಿಸಿದ್ದರೆ ಮೇಯರ್ ಬಹುಶಃ ವಾದಕ್ಕಿಳಿಯುತ್ತಿದ್ದರು. ಮನಸ್ಸಾಕ್ಷಿಯನ್ನೇ ಕೇಳಿದ್ದರಿಂದ, ತಪ್ಪೆಂದು ಒಪ್ಪಿದರು.

ಮೇ 10ರಂದು ಕಪ್ಪುವರ್ಣೀಯರಿಗೂ ಆ ಕೌಂಟರ್‌ಗಳಲ್ಲಿ ಊಟ ಸಿಕ್ಕಿತು.