ಘಾಟಿ ಹತ್ತುವ ಎಂಜಿನ್ನಿಗೆ ಉಸಿರು ಸಾಲದು

ಕಾಫಿ ಕೊಯ್ಲಿನ ದಿನಗಳಲ್ಲಿ ಕಳಸದ ಕಡೆಯ ಏರುರಸ್ತೆಯಲ್ಲಿ ಮೂಟೆ ಹೇರಿದ ಪಿಕಪ್‌ನ ಹಿಂದೆ ಸಿಕ್ಕಿಕೊಂಡವರಿಗೆ ಆ ಕರಿಹೊಗೆ ಗೊತ್ತು. ತಿರುವಿನಲ್ಲಿ ಗಾಡಿ ತಿಣುಕುತ್ತದೆ, ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ, ಪಕ್ಕದ ದರೆಯ ಜರಿಗಿಡಗಳ ಮೇಲೆ ಮಸಿ ಕೂರುತ್ತದೆ. ಎಂಜಿನ್ ಹಳತಾಯಿತು ಎಂದು ನಾವು ತೀರ್ಪು ಕೊಡುತ್ತೇವೆ. ಅದು ಅರ್ಧ ನಿಜ, ಉಳಿದರ್ಧ ಗಾಳಿಯಲ್ಲಿದೆ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಮಂಗಳೂರಿನ ಕಡಲ ದಂಡೆಯಲ್ಲಿ ಅಷ್ಟು ಗಾಳಿ ಸುಮಾರು 10 ಘನ ಮೀಟರ್ ಜಾಗದಲ್ಲಿ ಸಿಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿ ಆರನೇ ಒಂದು ಪಾಲು ತೆಳು. ಅಲ್ಲಿ 12 ಘನ ಮೀಟರ್ ಎಳೆದುಕೊಳ್ಳಬೇಕು. ಸಿಲಿಂಡರ್ ಹಿಗ್ಗುವುದಿಲ್ಲವಲ್ಲ! ಅಗತ್ಯಕ್ಕಿಂತ ಹೆಚ್ಚು ಗಾಳಿ ಇದ್ದರೇ ಡೀಸೆಲ್ ಚೆನ್ನಾಗಿ ಉರಿಯುವುದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಹಳೆಯ ಜೀಪಿನ ಡೀಸೆಲ್ ಪಂಪಿಗೆ ಎತ್ತರದ ಅರಿವಿಲ್ಲ, ಕೆಳಗೆ ಕೊಟ್ಟಷ್ಟೇ ಡೀಸೆಲ್ಲನ್ನು ಮೇಲೂ ಚಿಮ್ಮಿಸುತ್ತದೆ. ಆಮ್ಲಜನಕ ಸಿಗದ ಇಂಗಾಲ ಮಸಿಯಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ.

ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಅದನ್ನು ತಿರುಗಿಸುವುದು ಎಂಜಿನ್ನಿನದೇ ಹೊಗೆ. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ವೇಗ ಕುಸಿದಾಗ ಟರ್ಬೊ ಕೂಡ ನಿಧಾನವಾಗಿರುತ್ತದೆ. ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿದರೆ ಡೀಸೆಲ್ ಮೊದಲು ಬರುತ್ತದೆ, ಗಾಳಿ ಆಮೇಲೆ. ಕರಿಹೊಗೆ ಉಕ್ಕುವುದು ಆ ಎರಡು ಮೂರು ಸೆಕೆಂಡಿನಲ್ಲೇ. ಏರಿನ ಹೊರೆಗೆ ಎಂಜಿನ್ ಕಾದಾಗ ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳೂ ಹೆಚ್ಚುತ್ತವೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ಮಾನದಂಡದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಅನೇಕವುಗಳಲ್ಲಿ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ಯೂರಿಯಾ ದ್ರಾವಣದ ವ್ಯವಸ್ಥೆಯೂ ಇದೆ. ಎರಡಕ್ಕೂ ಬಿಸಿ ಬೇಕು. ಯೂರಿಯಾ ಸರಿಯಾಗಿ ಕೆಲಸ ಮಾಡಲು ಸುಮಾರು 200 ಡಿಗ್ರಿ, ಫಿಲ್ಟರಿನ ಮಸಿಯನ್ನು ಸುಡಲು 550ರಿಂದ 600 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಗೇರಿನ ಹಿಡಿತದಲ್ಲಿ ಇಳಿಯುವಾಗ ಇಂಧನ ನಿಂತು ಇವೆಲ್ಲ ತಣ್ಣಗಾಗುತ್ತವೆ. ಹಾಗೆಂದು ನ್ಯೂಟ್ರಲ್‌ನಲ್ಲಿ ಇಳಿಯಬೇಡಿ, ಅದು ಪ್ರಾಣಕ್ಕೇ ಅಪಾಯ.

ನಮ್ಮ ಹೊಗೆ ತಪಾಸಣೆ ಇದನ್ನೆಲ್ಲ ನೋಡುವುದಿಲ್ಲ ಎಂಬುದೇ ನನ್ನ ಕಳವಳ. ನಿಂತ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಹೊರೆಯಿಲ್ಲ, ಏರಿಲ್ಲ, ಸಾರಜನಕದ ಆಕ್ಸೈಡಿನ ಲೆಕ್ಕವಿಲ್ಲ. ರಸ್ತೆಯ ಮೇಲೆಯೇ ಅಳೆಯುವ ಯುರೋಪಿನ ಕಾರು ಪರೀಕ್ಷೆ ಕೂಡ 1,300 ಮೀಟರಿಗೆ ನಿಲ್ಲುತ್ತದೆ. ಮುಳ್ಳಯ್ಯನಗಿರಿಯ ರಸ್ತೆ ಅದನ್ನೂ ದಾಟಿ ಹತ್ತುತ್ತದೆ.

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಬೆಳಿಗ್ಗೆ ತೋಟದ ಕೆಲಸಕ್ಕೆ ನಡೆದು ಹೋಗುವವರು ಇದೇ ತಿರುವುಗಳ ಅಂಚಿನಲ್ಲಿ ಸಾಗುತ್ತಾರೆ. ಗಾಡಿ ಓಡಿಸುವವರೇ, ತಿರುವಿಗೆ ಮೊದಲೇ ಗೇರ್ ಇಳಿಸಿ, ಏರ್ ಫಿಲ್ಟರ್ ಸ್ವಚ್ಛವಾಗಿಡಿ. ಮೈಲೇಜ್ ಸಿಗುತ್ತದೆಂದು ಮಸಿ ಫಿಲ್ಟರನ್ನು ಕಿತ್ತು ಹಾಕಿಸಬೇಡಿ.