ಹನ್ನೆರಡು ಗಂಟೆಯ ಆಮಿಷ

ಹೊಸ ಡೈಪರೊಂದನ್ನು ಕತ್ತರಿಸಿ ಕೊಡವಿ ನೋಡಿ. ಹತ್ತಿಯಂಥ ತಿರುಳಿನೊಳಗಿಂದ ಸಕ್ಕರೆಯಂಥ ಬಿಳಿ ಹರಳುಗಳು ಉದುರುತ್ತವೆ. ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಈ ಪುಡಿ ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಿ ಜೆಲ್ ಆಗುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅಲ್ಲಿ ಅದರ ಆಟ ಅಷ್ಟು ನಡೆಯದು; ಆದರೂ ರಾತ್ರಿ ಕಳೆಯಲು ಧಾರಾಳ ಸಾಕು.

1946ರಲ್ಲಿ ಅಮೆರಿಕದ ಮರಿಯನ್ ಡೊನೊವನ್ ಸ್ನಾನದ ಮನೆಯ ಪರದೆ ಕತ್ತರಿಸಿ, ಒದ್ದೆ ಸೋರದಂತೆ ಬಟ್ಟೆ ಡೈಪರಿನ ಮೇಲೊಂದು ಕವಚ ಹೊಲಿದರು. 1961ರಲ್ಲಿ ಪ್ಯಾಂಪರ್ಸ್ ಬಂತು. ನಮ್ಮ ಅಂಗಡಿಗಳಲ್ಲಿ ಇಂದಿಗೂ ಎಷ್ಟೋ ಜನ ಡೈಪರಿಗೆ ಆ ಹೆಸರೇ ಹೇಳಿ ಕೇಳುತ್ತಾರೆ. ಜೆಲ್ ಸೇರಿದ್ದು 1980ರ ದಶಕದಲ್ಲಿ. ಆಮೇಲೆ ಡೈಪರ್ ತೆಳುವಾಯಿತು, ನಾವು ಸೋಮಾರಿಗಳಾದೆವು.

ಅಜ್ಜನ ಹಳೇ ಪಂಚೆ ಹರಿದು ಕಟ್ಟಿದ ಲಂಗೋಟಿ ಒದ್ದೆಯಾದರೆ ಮಗು ಅತ್ತು ಊರು ಒಂದು ಮಾಡುತ್ತಿತ್ತು. ಡೈಪರಿನಲ್ಲಿ ಆ ಅಳುವಿಲ್ಲ. ಪ್ಯಾಕೆಟ್ಟಿನ ಮೇಲಿನ ‘ಹನ್ನೆರಡು ಗಂಟೆ’ ಜೆಲ್ಲಿನ ತಾಕತ್ತು, ಚರ್ಮಕ್ಕೆ ಅಷ್ಟು ತಾಳ್ಮೆ ಇಲ್ಲ. ಹಗಲಲ್ಲಿ 2–3 ಗಂಟೆಗೊಮ್ಮೆ ಬದಲಿಸಿ. ಕಕ್ಕ ಮಾಡಿದರೆ ಕೂಡಲೇ, ಏಕೆಂದರೆ ಮಲದಲ್ಲಿನ ಕಿಣ್ವಗಳು ಒದ್ದೆ ಚರ್ಮವನ್ನು ಬೇಗ ಕೆಣಕುತ್ತವೆ. ಪೌಡರ್ ಬೇಡ, ಜಿಂಕ್ ಆಕ್ಸೈಡ್ ಇರುವ ಮುಲಾಮು ಸಾಕು. ಸ್ವಲ್ಪ ಹೊತ್ತು ಬರಿಮೈಯಲ್ಲಿ ಬಿಡುವ ಅಜ್ಜಿಯ ಮದ್ದು ಅದಕ್ಕಿಂತ ಮೇಲು. ತೊಡೆಯ ಮೇಲೆ ಕೆಂಪು ಗೆರೆ ಮೂಡಿದರೆ ಮುಂದಿನ ಸೈಜ್ ತನ್ನಿ. ನಡೆಯುವ ಮಕ್ಕಳಿಗೆ ಪ್ಯಾಂಟ್ ಮಾದರಿ ಸಲೀಸು. ಎರಡು ಗಂಟೆ ಒಣಗಿಯೇ ಇರುವ ಮಗುವನ್ನು ಪಾಟಿಯ ಮೇಲೆ ಕೂರಿಸಿ ನೋಡಬಹುದು.

ಹಿರಿಯರ ಡೈಪರ್ ಮಾತ್ರ ನಮ್ಮ ಮನೆಗಳಿಗೆ ಪೇಪರಿನಲ್ಲಿ ಸುತ್ತಿಕೊಂಡು, ಕದ್ದುಮುಚ್ಚಿ ಬರುತ್ತದೆ. ಜಪಾನಿನ ಓಜಿ ಹೋಲ್ಡಿಂಗ್ಸ್ ಕಂಪನಿ 2024ರಲ್ಲಿ ತನ್ನ ದೇಶದಲ್ಲಿ ಮಕ್ಕಳ ಡೈಪರ್ ತಯಾರಿಸುವುದನ್ನೇ ನಿಲ್ಲಿಸಿ ದೊಡ್ಡವರದಕ್ಕೆ ಒತ್ತು ಕೊಟ್ಟಿತು. ಇಲ್ಲಿ ಇನ್ನೂ ನಾಚಿಕೆ. ಮಕ್ಕಳದನ್ನು ತೂಕ ನೋಡಿ ಕೊಂಡರೆ ದೊಡ್ಡವರದನ್ನು ಸೊಂಟದ ಅಳತೆ ನೋಡಿ ಕೊಳ್ಳಬೇಕು. ಹಾಸಿಗೆ ಹಿಡಿದವರಿಗೆ ಟೇಪಿನದು, ಓಡಾಡುವವರಿಗೆ ಪ್ಯಾಂಟ್. ಬೆಲೆಗೆ ಹೆದರಿ ಇಡೀ ದಿನ ಒಂದನ್ನೇ ಬಿಟ್ಟರೆ ಚರ್ಮ ನೆನೆದು ಹಾಸಿಗೆ ಹುಣ್ಣಿಗೆ ದಾರಿಯಾಗುತ್ತದೆ. ಡೈಪರ್ ಉಳಿಸಲೆಂದು ನೀರು ಕುಡಿಯುವುದನ್ನೇ ಬಿಡುವ ಅಜ್ಜಿಯರಿದ್ದಾರೆ. ಅದು ಮೂತ್ರದ ಸೋಂಕನ್ನು ಕರೆದು ಕೂರಿಸಿದಂತೆ. ಅಷ್ಟಕ್ಕೂ ಮೂತ್ರ ಸೋರುವುದು ವಯಸ್ಸಿನ ಹಣೆಬರಹವಲ್ಲ: ಸೋಂಕು, ಪ್ರಾಸ್ಟೇಟ್, ಸಕ್ಕರೆ ಕಾಯಿಲೆ ಯಾವುದಾದರೂ ಕಾರಣವಿರಬಹುದು. ಮೆಡಿಕಲ್ ಶಾಪಿಗಿಂತ ಮೊದಲು ಡಾಕ್ಟರ ಬಳಿ ಹೋಗಿ.

ಬಳಸಿದ್ದನ್ನು ಸುರುಳಿ ಸುತ್ತಿ, ಕಾಗದದಲ್ಲಿ ಕಟ್ಟಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಕಸ ವಿಂಗಡಿಸುವುದು ಯಂತ್ರವಲ್ಲ, ಪೌರಕಾರ್ಮಿಕರ ಕೈ. ಕಮೋಡಿಗಂತೂ ಹಾಕಲೇಬೇಡಿ, ಆ ಜೆಲ್ ಪೈಪಿನೊಳಗೇ ಉಬ್ಬಿ ಕೂರುತ್ತದೆ.