ಅಮೆರಿಕನ್ನರು ಎಷ್ಟು ಓದಿದ್ದಾರೆ?

ಅಮೆರಿಕದಲ್ಲಿರುವ ಮಗನ ಅಥವಾ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ನಮ್ಮ ಹಿರಿಯರನ್ನು ಮಾತನಾಡಿಸಿ ನೋಡಿ. ಅಲ್ಲಿಯ ರಸ್ತೆ, ಅಂಗಡಿ, ಚಳಿಯ ವರ್ಣನೆ ಮುಗಿದ ಮೇಲೆ ಜನರ ಓದಿನ ಮಾತು ಬಂದೇ ಬರುತ್ತದೆ. ಪಕ್ಕದ ಮನೆಯವರು ಡಾಕ್ಟರು, ಎದುರು ಮನೆಯವರು ಪಿಎಚ್.ಡಿ., ಮಗನ ಗೆಳೆಯರೆಲ್ಲ ಎಂ.ಎಸ್. ಅಮೆರಿಕವೆಂದರೆ ಪದವೀಧರರ ದೇಶ ಎಂಬ ಕಲ್ಪನೆ ಹೀಗೆ ನಮ್ಮಲ್ಲಿ ಬೇರೂರಿದೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದು ಒಂದು ಬೀದಿಯನ್ನು ಮಾತ್ರ.

ಇಡೀ ದೇಶದ ಲೆಕ್ಕ ಬೇರೆಯೇ ಇದೆ. ಅಲ್ಲಿಯ ಜನಗಣತಿ ಇಲಾಖೆಯ 2022ರ ಅಂಕಿ ಅಂಶಗಳನ್ನು ಹಿಡಿದು, 25 ವರ್ಷ ದಾಟಿದ ನೂರು ಅಮೆರಿಕನ್ನರನ್ನು ಸಾಲಾಗಿ ನಿಲ್ಲಿಸೋಣ. ಅವರಲ್ಲಿ 9 ಮಂದಿ ಹೈಸ್ಕೂಲನ್ನೂ ಮುಗಿಸಿದವರಲ್ಲ. 28 ಮಂದಿಯ ಓದು ಹೈಸ್ಕೂಲಿಗೇ ನಿಂತಿದೆ. (ಅಲ್ಲಿ ಹೈಸ್ಕೂಲು ಎಂದರೆ 12ನೇ ತರಗತಿಯವರೆಗೆ, ನಮ್ಮ ಪಿಯುಸಿ ಎನ್ನಬಹುದು.) 15 ಮಂದಿ ಕಾಲೇಜಿನ ಮೆಟ್ಟಿಲು ಹತ್ತಿ ಪದವಿಯಿಲ್ಲದೆ ಇಳಿದು ಬಂದವರು. 10 ಮಂದಿ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದವರು. 23 ಮಂದಿ ನಾಲ್ಕು ವರ್ಷದ ಬ್ಯಾಚುಲರ್ ಪದವೀಧರರು. 14 ಮಂದಿ ಅದಕ್ಕೂ ಮೇಲೆ ಓದಿದವರು. ಕೂಡಿದರೆ 99 ಆಗುತ್ತದೆ; ದಶಾಂಶ ಬಿಟ್ಟದ್ದರಿಂದ ಒಬ್ಬ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಂಡಿದ್ದಾನೆ! ಅಂತೂ ನಾಲ್ಕು ವರ್ಷದ ಪದವಿ ಇರುವವರು ಶೇ 37.7. ಇಲ್ಲದವರು ಶೇ 62ಕ್ಕೂ ಹೆಚ್ಚು.

ಹಾಗಾದರೆ ನಮ್ಮ ಹಿರಿಯರು ಕಂಡ ಬೀದಿ ಯಾವುದು? ಅಲ್ಲಿರುವ ಭಾರತೀಯ ಮೂಲದ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಪದವೀಧರರು. ಇದು ನಮ್ಮ ರಕ್ತದ ಗುಣವೆಂದು ಬೀಗುವವರಿದ್ದಾರೆ. ನಿಜವಾದ ಕಾರಣ ವೀಸಾ. 1965ರ ವಲಸೆ ಕಾನೂನು ಏಷ್ಯದವರಿಗೆ ಬಾಗಿಲು ತೆರೆದಾಗ ವೈದ್ಯರು, ಎಂಜಿನಿಯರುಗಳಂಥ ಕುಶಲಿಗಳಿಗೆ ಆದ್ಯತೆ ಕೊಟ್ಟಿತು. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾಕ್ಕೆ ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮನಾದದ್ದು ಇರಲೇಬೇಕು. ಜರಡಿ ಹಿಡಿದು ಸೋಸಿದ ಮೇಲೆ ಕೆಳಗೆ ಬಿದ್ದ ಕಾಳನ್ನಷ್ಟೇ ನೋಡಿ ಹೊಲದ ಬೆಳೆ ಹೇಳುವಂತಿಲ್ಲ.

ಸ್ವಾರಸ್ಯ ಇರುವುದು ಈ ಅಂಕಿಗಳಲ್ಲಿ ಅಷ್ಟಾಗಿ ಅಲ್ಲ, ಅವುಗಳನ್ನು ತಂದುಕೊಟ್ಟ ಪ್ರಶ್ನೆಯಲ್ಲಿ. ಅಮೆರಿಕದ ಜನಗಣತಿ 2000ದವರೆಗೂ ಹತ್ತು ವರ್ಷಕ್ಕೊಮ್ಮೆ ಜನರ ಓದಿನ ಬಗ್ಗೆ ಕೇಳುತ್ತಾ ಬಂದಿತ್ತು. ಆದರೆ ಕೇಳಿದ್ದು ಒಂದೇ ಪ್ರಶ್ನೆಯಲ್ಲ.

ಮೊದಲು ಕೇಳಿದ್ದು 1840ರಲ್ಲಿ. ಈ ಮನೆಯಲ್ಲಿ 20 ವರ್ಷ ದಾಟಿದ, ಓದು ಬರಹ ಬಾರದ ಬಿಳಿಯರು ಎಷ್ಟು ಜನ? ಬಿಳಿಯರು ಎಂಬ ಮಾತನ್ನು ಗಮನಿಸಬೇಕು. ಗುಲಾಮರ ಅಕ್ಷರಜ್ಞಾನವನ್ನು ಯಾರೂ ಕೇಳಲಿಲ್ಲ. ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಬಾಲ್ಟಿಮೋರಿನಲ್ಲಿ ಯಜಮಾನಿಯೊಬ್ಬಳು ತನ್ನ ಮನೆಯ ಗುಲಾಮ ಹುಡುಗನಿಗೆ ಅಕ್ಷರ ಹೇಳಿಕೊಡತೊಡಗಿದಾಗ ಗಂಡ ತಡೆದ. ಬೀದಿಯ ಬಿಳಿಯ ಹುಡುಗರಿಂದ ಉಳಿದದ್ದನ್ನು ಕಲಿತುಕೊಂಡ ಆ ಹುಡುಗನೇ ಮುಂದೆ ಖ್ಯಾತ ಲೇಖಕನೂ ಭಾಷಣಕಾರನೂ ಆದ ಫ್ರೆಡರಿಕ್ ಡಗ್ಲಾಸ್. ಗುಲಾಮಗಿರಿ ಹೋದ ಮೇಲೆ 1870ರಲ್ಲಿ ಎಲ್ಲರನ್ನೂ ಎಣಿಸಿದಾಗ, 14 ವರ್ಷ ದಾಟಿದ ಅಮೆರಿಕನ್ನರಲ್ಲಿ ಶೇ 20ರಷ್ಟು ಮಂದಿಗೆ ಬರೆಯಲು ಬರುತ್ತಿರಲಿಲ್ಲ. ಕರಿಯರಲ್ಲಿ ಈ ಪ್ರಮಾಣ ಶೇ 80. ಮೂವತ್ತು ವರ್ಷಗಳಲ್ಲಿ, ಅಂದರೆ 1900ರ ಹೊತ್ತಿಗೆ, ಅದು ಶೇ 45ರ ಒಳಗೆ ಇಳಿಯಿತು. ಹಣವಿಲ್ಲದ, ಕಟ್ಟಡವಿಲ್ಲದ, ಎಷ್ಟೋ ಕಡೆ ಚರ್ಚಿನ ಬೆಂಚುಗಳ ಮೇಲೆ ನಡೆದ ಶಾಲೆಗಳಿಂದ ಸಾಧ್ಯವಾದದ್ದು ಇದು.

1930ರವರೆಗೂ ಪ್ರಶ್ನೆ ಅದೇ ಆಗಿತ್ತು. ಓದಲು ಬರೆಯಲು ಬರುತ್ತದೆಯೇ? 1940ರಲ್ಲಿ ಅದನ್ನು ಕೈಬಿಟ್ಟು, ಎಷ್ಟನೇ ತರಗತಿಯವರೆಗೆ ಓದಿದ್ದೀರಿ ಎಂದು ಕೇಳಿದರು. ಆ ವರ್ಷ ಬಂದ ಉತ್ತರವನ್ನು ಇಂದು ಓದಿದರೆ ಆಶ್ಚರ್ಯವಾಗುತ್ತದೆ. ವಯಸ್ಕರಲ್ಲಿ ಹೈಸ್ಕೂಲು ಮುಗಿಸಿದವರು ಬರೀ ಶೇ 24.5. ನಾಲ್ಕು ವರ್ಷ ಕಾಲೇಜು ಓದಿದವರು ಶೇ 4.6. ಕಾರು, ರೇಡಿಯೊ, ಗಗನಚುಂಬಿ ಕಟ್ಟಡಗಳನ್ನು ಕಟ್ಟಿ ಜಗತ್ತಿನ ಮುಂದಿನ ಸಾಲಿಗೆ ಬಂದು ನಿಂತಿದ್ದ ದೇಶದ ಅರ್ಧದಷ್ಟು ಹಿರಿಯರು ಎಂಟನೇ ತರಗತಿಯ ಆಸುಪಾಸಿನಲ್ಲೇ ಶಾಲೆ ಬಿಟ್ಟವರು!

ಆದರೆ ಅವರ ಮಕ್ಕಳು ಆಗಲೇ ಬೇರೆ ದಾರಿ ಹಿಡಿದಿದ್ದರು. 1910ರಲ್ಲಿ ಹದಿನೆಂಟರ ಹರೆಯದವರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ಶೇ 9ರಷ್ಟು. 1940ರಲ್ಲಿ ಅರ್ಧಕ್ಕೂ ಹೆಚ್ಚು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್, ತಮ್ಮ ಸಹೋದ್ಯೋಗಿ ಲಾರೆನ್ಸ್ ಕಾಟ್ಸ್ ಜೊತೆ ಈ ಬದಲಾವಣೆಯ ಬೆನ್ನು ಹತ್ತಿದ್ದರು. ಮುಂಚೂಣಿಯಲ್ಲಿದ್ದದ್ದು ನ್ಯೂಯಾರ್ಕಿನಂಥ ಮಹಾನಗರವಲ್ಲ. ಅಯೋವಾ, ನೆಬ್ರಾಸ್ಕಾ, ಕ್ಯಾನ್ಸಸ್‌ನಂಥ ರೈತರ ಸಂಸ್ಥಾನಗಳು. ಜೋಳ, ಗೋಧಿ ಬೆಳೆಯುವ ಸಣ್ಣ ಊರುಗಳು ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹಾಕಿಕೊಂಡು ಹೈಸ್ಕೂಲು ಕಟ್ಟಿಸಿದವು. ಹೀಗೆ ತೆರಿಗೆ ಹಣದಿಂದ ಹೈಸ್ಕೂಲು ನಡೆಸುವುದು ಕಾನೂನುಬದ್ಧವೇ ಎಂಬ ತಕರಾರು 1874ರಲ್ಲೇ ಮಿಷಿಗನ್ನಿನ ಕಲಮಜೂ ಪಟ್ಟಣದಿಂದ ಕೋರ್ಟಿಗೆ ಹೋಗಿ, ಶಾಲೆಯ ಪರ ತೀರ್ಪಾಗಿತ್ತು. ಕಾರ್ಖಾನೆಗಳಿದ್ದ ಊರುಗಳೇ ಹಿಂದೆ ಬಿದ್ದವು. ಹದಿನಾಲ್ಕರ ಹುಡುಗನಿಗೆ ಗಿರಣಿಯಲ್ಲಿ ಕೂಲಿ ಸಿಗುವಾಗ ಬೀಜಗಣಿತ ಯಾರಿಗೆ ಬೇಕು?

ಕಾಲೇಜಿನ ಬಾಗಿಲು ತೆರೆದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಿಂದ ಮರಳುವ ಲಕ್ಷಾಂತರ ಸೈನಿಕರು ಕೆಲಸವಿಲ್ಲದೆ ಬೀದಿಗೆ ಬಿದ್ದಾರೆಂಬ ಭಯದಲ್ಲಿ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಜಿ.ಐ. ಬಿಲ್‌ಗೆ ಸಹಿ ಹಾಕಿದರು. ಸೈನಿಕರ ಓದಿನ ಖರ್ಚು ಸರಕಾರದ್ದು. ಇಂಥವರನ್ನು ತುಂಬಿಕೊಂಡರೆ ವಿಶ್ವವಿದ್ಯಾಲಯಗಳು ಕೆಟ್ಟೇ ಹೋದಾವೆಂದು ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಅವರಂಥ ದೊಡ್ಡ ಶಿಕ್ಷಣತಜ್ಞರೇ ಹೆದರಿದ್ದರು. ಹಾಗೇನೂ ಆಗಲಿಲ್ಲ. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. ಕರಿಯ ಸೈನಿಕರಿಗೆ ಮಾತ್ರ ದಕ್ಷಿಣದ ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿಯೇ ಇತ್ತು. ಅವರಿಗಾಗಿ ಇದ್ದ ಕೆಲವೇ ಕಾಲೇಜುಗಳಲ್ಲಿ ಜಾಗ ಸಾಲದೆ ಎಷ್ಟೋ ಮಂದಿ ಹಿಂದಿರುಗಿದರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಎಲ್ಲರಿಗೂ ಕೈಗೆಟಕುವ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳು ಬೇಕೆಂದು ಹೇಳಿ ಆ ಕಲ್ಪನೆಗೆ ದೇಶದಾದ್ಯಂತ ಬಲ ತಂದದ್ದು ಅಧ್ಯಕ್ಷ ಹ್ಯಾರಿ ಟ್ರೂಮನ್ 1946ರಲ್ಲಿ ನೇಮಿಸಿದ ಆಯೋಗ. ಟ್ರೂಮನ್ ಅವರಿಗೇ ಪದವಿ ಇರಲಿಲ್ಲ. ಅವರ ನಂತರ ಪದವಿಯಿಲ್ಲದ ಯಾರೂ ಆ ದೇಶದ ಅಧ್ಯಕ್ಷರಾಗಿಲ್ಲ.

ಹೀಗೆ ಓದಿದವರು ಹೆಚ್ಚಿದಂತೆ ಸರ್ಟಿಫಿಕೇಟು ಇನ್ನೊಂದು ಕೆಲಸಕ್ಕೂ ಬಳಕೆಯಾಗತೊಡಗಿತು. ಅದನ್ನು ತಿಳಿಯಲು ನಾರ್ತ್ ಕ್ಯಾರೊಲಿನಾದ ಡ್ರೇಪರ್ ಎಂಬ ಊರಿಗೆ ಹೋಗಬೇಕು. ಅಲ್ಲಿ ಡ್ಯೂಕ್ ಪವರ್ ಕಂಪೆನಿಯ ವಿದ್ಯುತ್ ಸ್ಥಾವರವಿತ್ತು. 95 ನೌಕರರಲ್ಲಿ 14 ಮಂದಿ ಕರಿಯರು. ಅವರೆಲ್ಲರೂ ಕೂಲಿ ವಿಭಾಗದಲ್ಲೇ ಇದ್ದರು. ಆ ವಿಭಾಗದ ಅತಿ ಹೆಚ್ಚಿನ ಸಂಬಳ, ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕಡಿಮೆ. 1955ರಲ್ಲಿ ಕಂಪೆನಿ ಒಂದು ನಿಯಮ ತಂದಿತು. ಕೂಲಿ ವಿಭಾಗ ಬಿಟ್ಟು ಮುಖ್ಯ ವಿಭಾಗಗಳಿಗೆ ಸೇರಲು ಹೈಸ್ಕೂಲು ಮುಗಿಸಿರಬೇಕು. ವರ್ಣಭೇದದ ನೌಕರಿಯನ್ನು ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪೆನಿ ಹೊಸಬರಿಗೆ ಹೈಸ್ಕೂಲಿನ ಜೊತೆಗೆ ಎರಡು ಲಿಖಿತ ಪರೀಕ್ಷೆಗಳನ್ನೂ ಸೇರಿಸಿತು!

ಮೇಲ್ನೋಟಕ್ಕೆ ನಿಯಮ ಎಲ್ಲರಿಗೂ ಒಂದೇ. ಆದರೆ 1960ರ ಜನಗಣತಿಯ ಪ್ರಕಾರ ನಾರ್ತ್ ಕ್ಯಾರೊಲಿನಾದ ಬಿಳಿಯ ಗಂಡಸರಲ್ಲಿ ಹೈಸ್ಕೂಲು ಮುಗಿಸಿದವರು ಶೇ 34, ಕರಿಯರಲ್ಲಿ ಶೇ 12. ಕರಿಯರನ್ನು ಕೀಳು ಶಾಲೆಗಳಿಗೆ ದೂಡಿದ್ದು ಅದೇ ಸಂಸ್ಥಾನ. ಸಾಲದ್ದಕ್ಕೆ, ನಿಯಮ ಬರುವ ಮೊದಲೇ ಸೇರಿದ್ದ, ಹೈಸ್ಕೂಲು ಮುಗಿಸದ ಬಿಳಿಯ ನೌಕರರು ಆ ವಿಭಾಗಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. ಕಲ್ಲಿದ್ದಲು ಸಾಗಿಸಲು, ಬಾಯ್ಲರ್ ನೋಡಿಕೊಳ್ಳಲು ಹೈಸ್ಕೂಲಿನ ಕಾಗದ ಬೇಕಿಲ್ಲ ಎನ್ನುವುದಕ್ಕೆ ಅವರೇ ಸಾಕ್ಷಿ.

ವಿಲ್ಲಿ ಗ್ರಿಗ್ಸ್ ಮತ್ತು ಇತರ 12 ನೌಕರರು ಮೊಕದ್ದಮೆ ಹೂಡಿದರು. 1971ರ ಮಾರ್ಚ್ 8ರಂದು ಅಮೆರಿಕದ ಸುಪ್ರೀಂ ಕೋರ್ಟು, ತೀರ್ಪಿನಲ್ಲಿ ಪಾಲ್ಗೊಂಡ ಎಂಟೂ ನ್ಯಾಯಮೂರ್ತಿಗಳ ಒಮ್ಮತದಿಂದ, ಅವರ ಪರ ತೀರ್ಪು ನೀಡಿತು. ಕರಿಯರನ್ನು ಹೊರಗಿಡುವ ಅರ್ಹತೆಯೊಂದನ್ನು ಕೇಳುವುದಾದರೆ ಆ ಅರ್ಹತೆಗೂ ಕೆಲಸಕ್ಕೂ ಸಂಬಂಧವಿದೆ ಎಂದು ಕಂಪೆನಿಯೇ ತೋರಿಸಬೇಕು. ಉದ್ದೇಶ ಒಳ್ಳೆಯದಿತ್ತು ಎಂದರೆ ಸಾಲದು. ಡಿಪ್ಲೊಮಾ, ಪದವಿಗಳಿಲ್ಲದೆಯೂ ಸಮರ್ಥವಾಗಿ ದುಡಿದವರು ಇತಿಹಾಸದ ತುಂಬ ಇದ್ದಾರೆಂದು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ನೆನಪಿಸಿದರು. ಒಟ್ಟಾರೆ ಒಂದು ವರ್ಷವೂ ಶಾಲೆಗೆ ಹೋಗದ ಅಬ್ರಹಾಂ ಲಿಂಕನ್ ಆಳಿದ ದೇಶಕ್ಕೆ ಕೋರ್ಟು ಇದನ್ನು ಹೇಳಬೇಕಾಗಿ ಬಂತು.

1990ರಲ್ಲಿ ಜನಗಣತಿಯ ಪ್ರಶ್ನೆ ಮತ್ತೆ ಬದಲಾಯಿತು. ಎಷ್ಟು ವರ್ಷ ಓದಿದಿರಿ ಎಂಬುದು ಹೋಗಿ, ಯಾವ ಪದವಿ ಪಡೆದಿರಿ ಎಂಬುದು ಬಂತು. ಕಾರಣ ಸರಳ. ನಾಲ್ಕು ವರ್ಷ ಕಾಲೇಜಿಗೆ ಅಲೆದರೂ ಪದವಿ ಸಿಗದವರಿದ್ದರು, ಅದೇ ಪದವಿಗೆ ಆರು ವರ್ಷ ತೆಗೆದುಕೊಂಡವರೂ ಇದ್ದರು. ಆದರೆ ವರ್ಷಗಳ ಲೆಕ್ಕ ಪೂರ್ತಿ ಸತ್ತಿಲ್ಲ. ಅಮೆರಿಕದ ವೀಸಾಕ್ಕೆ ಪ್ರಯತ್ನಿಸಿದ ನಮ್ಮ ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಪದವೀಧರರಿಗೆ ಇದು ಗೊತ್ತು. ನಮ್ಮಲ್ಲಿ 15 ವರ್ಷಕ್ಕೆ ಸಿಗುವ ಪದವಿ ಅಲ್ಲಿಯ 16 ವರ್ಷದ ಪದವಿಗೆ ಸಮವಲ್ಲವೆಂದು ಎಷ್ಟೋ ಅರ್ಜಿಗಳಲ್ಲಿ ತಕರಾರು ಎದ್ದಿದೆ.

ಹೊಸ ಪ್ರಶ್ನೆಯಿಂದ ಸ್ಪಷ್ಟವಾಗಿ ಕಾಣಿಸಿಕೊಂಡವರು ಆಗಲೇ ಹೇಳಿದ ಆ 15 ಮಂದಿ, ಕಾಲೇಜಿಗೆ ಹೋಗಿ ಪದವಿಯಿಲ್ಲದೆ ಬಂದವರು. ಅವರಲ್ಲಿ ಅನೇಕರು ಸಾಲ ಮಾಡಿ ಸೇರಿದವರು. ಅಲ್ಲಿಯ ಕೇಂದ್ರ ಸರಕಾರದ ಶಿಕ್ಷಣ ಸಾಲವೇ 1.6 ಲಕ್ಷ ಕೋಟಿ ಡಾಲರಿನಷ್ಟಿದೆ. ಕಂತು ಕಟ್ಟಲಾಗದೆ ಸೋಲುವವರಲ್ಲಿ ಹೆಚ್ಚಿನ ಪಾಲು ದೊಡ್ಡ ಸಾಲ ಮಾಡಿದ ಡಾಕ್ಟರು, ವಕೀಲರದ್ದಲ್ಲ; ಸಣ್ಣ ಸಾಲ ಮಾಡಿ ಪದವಿ ಪಡೆಯದವರದ್ದು. ಸಾಲದ ಒಂದು ಭಾಗ ಮನ್ನಾ ಮಾಡಲು ಹೊರಟ ಅಧ್ಯಕ್ಷ ಬೈಡನ್ ಅವರ ಯೋಜನೆಯನ್ನು 2023ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು.

ಪದವಿಯ ಗೆರೆಯ ಆಚೆ ಈಚೆ ಬದುಕೇ ಬೇರೆಯಾಗುತ್ತಿದೆ. 2023ರಲ್ಲಿ ಪದವೀಧರ ನೌಕರರ ಮಧ್ಯಮ ವಾರದ ಗಳಿಕೆ 1,493 ಡಾಲರ್, ಹೈಸ್ಕೂಲಿಗೆ ನಿಂತವರದ್ದು 899. ಸಂಬಳದ ವ್ಯತ್ಯಾಸ ಯಾರಾದರೂ ಊಹಿಸಬಹುದಾದದ್ದು. ಆಯುಸ್ಸಿನದ್ದು ಹಾಗಲ್ಲ. ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ದಂಪತಿ ಮರಣದ ದಾಖಲೆಗಳನ್ನು ಪದವಿಯ ಪ್ರಕಾರ ವಿಂಗಡಿಸಿ ನೋಡಿದರು. 25ರ ವಯಸ್ಸಿನಲ್ಲಿ ನಿರೀಕ್ಷಿಸಬಹುದಾದ ಆಯುಸ್ಸಿನಲ್ಲಿ ಪದವೀಧರರಿಗೂ ಉಳಿದವರಿಗೂ 1992ರಲ್ಲಿ ಇದ್ದ ಅಂತರ ಎರಡೂವರೆ ವರ್ಷ. ಕೋವಿಡ್ ಕಾಲದ 2021ರಲ್ಲಿ ಅದು ಎಂಟೂವರೆ ವರ್ಷ. ಮಾದಕ ವಸ್ತು, ಕುಡಿತ, ಆತ್ಮಹತ್ಯೆ, ಹೃದ್ರೋಗ ಎಲ್ಲವೂ ಪದವಿಯಿಲ್ಲದವರನ್ನೇ ಹೆಚ್ಚು ಕಾಡಿವೆ. ಪದವಿಯ ಕಾಗದ ಯಾರ ಹೃದಯವನ್ನೂ ಗಟ್ಟಿ ಮಾಡುವುದಿಲ್ಲ. ಆದರೆ ಆ ಕಾಗದವಿಲ್ಲದವನಿಗೆ ಸಿಗುತ್ತಿದ್ದ ಕಾರ್ಖಾನೆಯ ಕೆಲಸ ಹೋಯಿತು, ಕೆಲಸದ ಜೊತೆ ಬರುತ್ತಿದ್ದ ಆರೋಗ್ಯ ವಿಮೆ ಹೋಯಿತು, ಯೂನಿಯನ್ ಹೋಯಿತು. ಕಲ್ಲಿದ್ದಲ ಗಣಿಗಳ ವೆಸ್ಟ್ ವರ್ಜೀನಿಯಾದಲ್ಲಿ ಪದವೀಧರರು ಕಾಲು ಭಾಗದಷ್ಟು. ಮ್ಯಾಸಚೂಸೆಟ್ಸಿನಲ್ಲಿ ಅರ್ಧದ ಹತ್ತಿರ.

ಇದರ ನಡುವೆ ಹಳೆಯ ಪ್ರಶ್ನೆಯೊಂದು ಮರಳಿ ಬಂದಿದೆ. 2023ರ ಅಂತಾರಾಷ್ಟ್ರೀಯ ಸಮೀಕ್ಷೆಯೊಂದು 16ರಿಂದ 65 ವರ್ಷದವರ ಪದವಿ ನೋಡದೆ, ಕೈಗೆ ಬರಹ ಕೊಟ್ಟು ಓದಿಸಿ ನೋಡಿತು. ಅಮೆರಿಕನ್ನರಲ್ಲಿ ಶೇ 28ರಷ್ಟು ಮಂದಿ ಅತಿ ಕೆಳಗಿನ ಹಂತದಲ್ಲಿದ್ದರು. ಅವರಲ್ಲಿ ಇಂಗ್ಲಿಷ್ ತಾಯ್ನುಡಿಯಲ್ಲದ ವಲಸಿಗರೂ ಇದ್ದಾರೆ. ಚಿಕ್ಕ ವಾಕ್ಯಗಳನ್ನು ಓದಬಲ್ಲವರೂ ಇದ್ದಾರೆ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಹೈಸ್ಕೂಲು ಮುಗಿಸಿದ ದೇಶದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಓದಿದ ವರ್ಷಕ್ಕೂ ಕಲಿತದ್ದಕ್ಕೂ ತಾಳೆಯಾಗದಿದ್ದರೆ ಯಾವುದನ್ನು ನಂಬುವುದು?

ಕೆಲವು ಸಂಸ್ಥಾನಗಳು ಕಾಗದವನ್ನೇ ಕೇಳದಿರಲು ತೀರ್ಮಾನಿಸಿವೆ. 2022ರಲ್ಲಿ ಮೇರಿಲ್ಯಾಂಡ್ ಸರಕಾರ ತನ್ನ ಸಾವಿರಾರು ಹುದ್ದೆಗಳಿಗೆ ಪದವಿಯ ಷರತ್ತನ್ನು ತೆಗೆದುಹಾಕಿತು. 2023ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪಿರೊ ಅಧಿಕಾರ ವಹಿಸಿಕೊಂಡ ಕೂಡಲೇ ಶೇ 92ರಷ್ಟು ಸರಕಾರಿ ಹುದ್ದೆಗಳನ್ನು ಪದವಿಯಿಲ್ಲದವರಿಗೂ ತೆರೆದರು. ದೊಡ್ಡ ಖಾಸಗಿ ಕಂಪೆನಿಗಳೂ ತಮ್ಮ ಜಾಹೀರಾತುಗಳಿಂದ ಪದವಿಯ ಸಾಲನ್ನು ಅಳಿಸಿದವು. ಹಾಗೆ ಅಳಿಸಿದ್ದರಿಂದ ಕೆಲಸ ಸಿಕ್ಕಿದ್ದು ಎಷ್ಟು ಮಂದಿಗೆ ಎಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರೂ ಬರ್ನಿಂಗ್ ಗ್ಲಾಸ್ ಸಂಸ್ಥೆಯವರೂ ಸೇರಿ ಲೆಕ್ಕ ಹಾಕಿ 2024ರಲ್ಲಿ ಪ್ರಕಟಿಸಿದರು. ಒಂದು ವರ್ಷದಲ್ಲಿ ನಡೆದ ನೇಮಕಗಳಲ್ಲಿ ಏಳುನೂರಕ್ಕೆ ಒಂದೂ ಇರಲಿಲ್ಲ.